ಭಾನುವಾರದ ಉಪ್ಪುನೀರು

ವರ್ತಕ ನಗರದ ಆ ಫ್ಲಾಟಿಗೆ ಬಂದವರೆಲ್ಲ ಮೊದಲು ನಿಂತು ನೋಡುವುದು ತಾರಾನಾಥನ ಉಪ್ಪುನೀರಿನ ಅಕ್ವೇರಿಯಂ. "ಸಮುದ್ರವನ್ನೇ ಮನೆಗೆ ತಂದಿದ್ದೀರಿ ಮಾರಾಯ್ರೆ!" ಎಂದರೆ ಘಣಸೋಲಿಯಲ್ಲಿ ಹೋಟೆಲು ನಡೆಸುವ ಅವನು ಬೀಗುತ್ತಾನೆ. ಪ್ರತಿ ಭಾನುವಾರ ಆ ನೀರನ್ನು ಗಾಜಿನ ನಳಿಕೆಗೆ ತುಂಬಿ, ಔಷಧದ ಹನಿ ಬಿಟ್ಟು, ಬಣ್ಣ ತಿರುಗುವುದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವವಳು ಅವನ ಹೆಂಡತಿ ಜಲಜಾಕ್ಷಿ. ದೋಸೆಹಿಟ್ಟು, ಇಸ್ತ್ರಿಗಳ ಜೊತೆ ಅದೂ ಯಾವಾಗಲೋ ಅವಳ ಪಾಲಿಗೆ ಬಂದಿತ್ತು.

ಉಪ್ಪು ಅಳೆಯುವಾಗ ಒಂದು ಹನಿಯನ್ನು ನಾಲಿಗೆಗೂ ಮುಟ್ಟಿಸಿಕೊಳ್ಳುತ್ತಾಳೆ. ಉಪ್ಪೇನೋ ಸರಿ. ಆದರೆ ಒದ್ದೆ ಬಲೆಯ, ಬಿಸಿಲು ಕಾದ ಮರಳಿನ ಆ ವಾಸನೆ ಇಲ್ಲ.

ಅವಳ ಊರು ಕಾಪುವಿನಲ್ಲಿ ಕಡಲಿನ ಬದಿಗೇ ಅಕ್ಕನ ಮನೆ. ಅಲ್ಲಿ ಕೆಲವು ದಿನ ಇದ್ದು ಬರುವ ಆಸೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಿತ್ತು. ಹಿಂದೊಮ್ಮೆ ಜಲಜಾಕ್ಷಿ ನೆಂಟರ ಮದುವೆಗೆಂದು ಡೊಂಬಿವಲಿಯಲ್ಲಿ ಉಳಿದಾಗ, ನೀರು ಆರಿ ತಗ್ಗಿದ ತೊಟ್ಟಿಗೆ ತಾರಾನಾಥ ಉಪ್ಪುನೀರನ್ನೇ ಸುರಿದಿದ್ದ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆಂದು ಅವನಿಗೆ ಹೊಳೆಯಲಿಲ್ಲ. ಮೀನುಗಳು ಸತ್ತವು. ಅಂದಿನಿಂದ ಊರಿನ ಮಾತೆತ್ತಿದರೆ ಅವನದು ಒಂದೇ ಉತ್ತರ: "ನೀರು ಯಾರು ನೋಡುವುದು?"

ಈ ಭಾನುವಾರ ಅಕ್ಕ ಫೋನಿನಲ್ಲಿ ಗದರಿದಳು. "ನಿನಗೆ ಅಕ್ಕ ಬೇಕಾ, ಗಂಡನ ಮೀನು ಬೇಕಾ? ಇವತ್ತೇ ಹೇಳು."

ಜಲಜಾಕ್ಷಿ ನಳಿಕೆಯನ್ನು ಗಂಡನ ಕೈಗಿತ್ತಳು. "ನೀವು ಮಾಡಿ. ನಾನು ಕೂತು ಹೇಳ್ತೇನೆ."

"ನನಗೆ ಹೋಟೆಲಿಗೆ ಹೊತ್ತಾಯ್ತು."

"ಪಪ್ಪಾ, ಡರ್ ಗಯೇ ಕ್ಯಾ?" ಅಪ್ಪ ಹೆದರಿದನೆಂದು ಮಗಳು ಅಶ್ಮಿತಾ ಸೋಫಾದಿಂದಲೇ ನಕ್ಕಳು.

ಅವನು ಹನಿಯ ಲೆಕ್ಕ ತಪ್ಪಿದ, ಮತ್ತೆ ಮಾಡಿದ. ನಳಿಕೆಯ ನೀರು ಕೆಂಪಾಯಿತು. "ಚಂದ ಬಂತಲ್ಲ!"

"ಕೆಂಪೆಂದರೆ ತೊಟ್ಟಿಯೊಳಗೆ ಗಲೀಜು ಹೆಚ್ಚಾಗಿದೆ. ಸ್ವಲ್ಪ ನೀರು ತೆಗೆದು, ಹೊಸ ಉಪ್ಪುನೀರು ಹಾಕಬೇಕು."

"ಅವತ್ತು ಉಪ್ಪುನೀರು ಹಾಕಿದ್ದಕ್ಕೇ ಅಲ್ವಾ ನೀನು ಬೈದದ್ದು?"

"ಆರಿ ಹೋದದ್ದಕ್ಕೆ ಸಿಹಿನೀರು. ತೆಗೆದದ್ದಕ್ಕೆ ಉಪ್ಪುನೀರು."

"ಹಾಗಾದರೆ ಹಾಕು ಮತ್ತೆ."

ಬಕೆಟ್ಟಿನ ಕಡೆ ಹೊರಟ ಕೈಗಳನ್ನು ಅವಳು ಮಡಿಲಲ್ಲೇ ಒತ್ತಿ ಹಿಡಿದಳು. ಕಿತ್ತಳೆ ಬಣ್ಣದ ಮೀನೊಂದು ಗಾಜಿಗೆ ಬಂದು ಬಾಯಿ ತೆರೆಯಿತು. ಆದರೂ ಅವಳು ಏಳಲಿಲ್ಲ.

ಕಾದು ಕಾದು ತಾರಾನಾಥ ಪ್ಯಾಂಟು ಮಡಚಿ ಬಕೆಟ್ ಎಳೆದ. ಅರ್ಧ ನೀರು ನೆಲಕ್ಕೆ ಚೆಲ್ಲಿತು. ಒರೆಸುವ ಬಟ್ಟೆ ಎಲ್ಲಿದೆ ಎಂದು ಕೇಳುವುದರೊಳಗೆ ಜಲಜಾಕ್ಷಿ ಫೋನು ಹಿಡಿದು ಬಾಲ್ಕನಿಗೆ ಹೋಗಿದ್ದಳು.

"ಶನಿವಾರ ರೈಲು ಹತ್ತುತ್ತೇನೆ ಅಕ್ಕಾ. ಹೌದು, ಒಬ್ಬಳೇ. ಇಡಬೇಡ ಈಗ... ಸ್ವಲ್ಪ ಹಿತ್ತಲಿಗೆ ಹೋಗಿ ಫೋನು ಕಡಲಿನ ಕಡೆಗೆ ಹಿಡಿ. ನೀನೇನೂ ಮಾತಾಡಬೇಡ."