ಬೇಗಂಪೇಟೆಯಿಂದ ಹಿಂದಕ್ಕೆ

ಅವ್ವನಿಗೆ ಓದಲು ಬರುತ್ತಿರಲಿಲ್ಲ. ಬೇಗಂಪೇಟೆಯಲ್ಲಿದ್ದ ಚಿಕ್ಕವ್ವ ಕಾಲು ಮುರಿದುಕೊಂಡು ಮಲಗಿದಾಗ, ದಿನಾ ಹೋಗಿ ತಂಗಿಯ ತಲೆ ಬಾಚಿ, ಊಟ ಮಾಡಿಸಿ ಬರುತ್ತೇನೆಂದು ಹಟ ಹಿಡಿದಳು. ನನಗೆ ಆಫೀಸು. ಹೀಗಾಗಿ ನಮ್ಮ ಮೆಹದಿಪಟ್ಟಣಂ ಬಿಟ್ಟ ಮೇಲೆ ಬಸ್ಸು ನಿಲ್ಲುವ ದೊಡ್ಡ ಸ್ಟಾಪುಗಳನ್ನು ಬಾಯಿಪಾಠ ಮಾಡಿಸಿದೆ. ಅವ್ವ ಅವನ್ನು ಕಲಿತದ್ದು ರೊಟ್ಟಿ ಬಡಿಯುತ್ತ. ಒಂದೊಂದು ಏಟಿಗೆ ಒಂದೊಂದು ಹೆಸರು: ಮಾಸಾಬ್ ಟ್ಯಾಂಕ್, ಲಕ್ಡಿಕಾಪುಲ್, ಖೈರತಾಬಾದ್, ಪಂಜಾಗುಟ್ಟ, ಬೇಗಂಪೇಟೆ. ಎರಡೇ ದಿನಕ್ಕೆ ಪಾಠ ಗಟ್ಟಿಯಾಯಿತು. ನನ್ನ ಮೇಷ್ಟರಿಕೆಯ ಬಗ್ಗೆ ನನಗೇ ಹೆಮ್ಮೆ.

ಬೆಳಿಗ್ಗೆ ಒಬ್ಬಳೇ ಹೋಗುತ್ತಿದ್ದಳು. ಸಂಜೆ ಆಫೀಸು ಬಿಟ್ಟು ನಾನು ಕರೆತರುತ್ತಿದ್ದೆ. ಒಂದು ದಿನ ನನಗೆ ಕೆಲಸ ಹೆಚ್ಚಿತ್ತು. “ಅದ ಬಸ್ಸು, ಅದ ದಾರಿ. ನಾಕಕ್ಕ ಹತ್ತಿ ಬಾ” ಎಂದಿದ್ದೆ. ಆರೂವರೆಗೆ ಮನೆಗೆ ಬಂದರೆ ಬಾಗಿಲಿಗೆ ಬೀಗ. ತಿರುಗಿ ಬಸ್ಸು ಹತ್ತಿ, ಒಂದೊಂದೇ ಸ್ಟಾಪಿನಲ್ಲಿ ಇಳಿದು ಹುಡುಕುತ್ತ ಹೋದೆ. ಪಂಜಾಗುಟ್ಟದ ಸ್ಟಾಪಿನ ಕಟ್ಟೆಯ ಮೇಲೆ ಊಟದ ಡಬ್ಬಿ ಹಿಡಿದು ಕೂತಿದ್ದಳು.

ಕಂಡ ಕೂಡಲೇ ಸಿಟ್ಟು ನೆತ್ತಿಗೇರಿತು. “ಇಲ್ಲ್ಯಾಕ ಇಳದಿ?”

“ಕಂಡಕ್ಟರ್ ಪಂಜಾಗುಟ್ಟ ಅಂದ. ಪಂಜಾಗುಟ್ಟ ಆದಮ್ಯಾಲೆ ಬೇಗಂಪೇಟೆ ಅಲ್ಲೇನು? ಬಸ್ಸು ತಿರುಗಿ ತಂಗಿ ಮನಿಗೇ ಹೊಂಟೈತಿ ಅಂತ ಗಾಬರಿಯಾಗಿ ಇಳದೆ. ಮತ್ತ ಹತ್ತಾಕ ಧೈರ್ಯ ಆಗಲಿಲ್ಲ.”

“ಬರೋವಾಗ ಅದನ್ನ ತಿರುವಿ ಹೇಳಬೇಕವ್ವಾ! ಅಷ್ಟೂ ತಿಳಿಯೂದಿಲ್ಲೇನು?”

“ನೀ ಭಾಳ ಓದಿದಾಕಿ. ಫಾಲ್ಗುಣದಿಂದ ಹಿಂದಕ್ಕ ಚೈತ್ರಕ್ಕ ಬಾ, ನೋಡೂಣು.”

ಫಾಲ್ಗುಣ, ಮಾಘ, ಪುಷ್ಯ ಎಂದೆ. ಅಲ್ಲಿಗೆ ನಿಂತೆ. ಹಿಂದಿನದು ಯಾವುದೆಂದು ತಿಳಿಯಲು ಚೈತ್ರದಿಂದ ತುಟಿಯೊಳಗೇ ಶುರುಮಾಡಬೇಕಾಯಿತು. ಅವ್ವ ನಗಲಿಲ್ಲ. ಡಬ್ಬಿಯನ್ನು ಇನ್ನೂ ಬಿಗಿಯಾಗಿ ಅವಚಿ ಹಿಡಿದಿದ್ದಳು. ನನಗೆ ನಾಚಿಕೆಯಾಯಿತು.

ಇನ್ನು ಅವಳೊಬ್ಬಳನ್ನೇ ಕಳಿಸಬಾರದೆಂದು ತೀರ್ಮಾನಿಸಿದ್ದೆ. ಮರುದಿನ ಬೆಳಿಗ್ಗೆ ಅವ್ವ ಹಿಟ್ಟು ನಾದಿಟ್ಟು ಕರೆದಳು. “ಹೋಗೂದು ಬಂತು. ಈಗ ಮನಿಗೆ ಬರೂದು ಕಲಿಸು.”

ಒಲೆಯ ಬಳಿ ಕೂತು ಬೇಗಂಪೇಟೆಯಿಂದ ಶುರುಮಾಡಿದೆವು. ಹಳೆಯ ಸಾಲು ನಡುನಡುವೆ ನುಗ್ಗಿ ಬರುತ್ತಿತ್ತು. ತಪ್ಪಿದಾಗಲೆಲ್ಲ ಇನ್ನೊಂದು ಹಿಟ್ಟಿನ ಉಂಡೆ. ತಪ್ಪಿಲ್ಲದೆ ಮೆಹದಿಪಟ್ಟಣಂ ಮುಟ್ಟುವಷ್ಟರಲ್ಲಿ ನಾಲ್ಕು ರೊಟ್ಟಿ ಹೆಚ್ಚಾಗಿದ್ದವು. ಅವನ್ನೂ ಕಟ್ಟಿಕೊಂಡು ಒಬ್ಬಳೇ ಹೊರಟಳು.

ಆ ದಿನ ಆಫೀಸಿನಲ್ಲಿ ನಾನು ಮಾಡಿದ ಕೆಲಸ ದೇವರಿಗೇ ಪ್ರೀತಿ. ಐದು ಹೊಡೆಯುವುದನ್ನೇ ಕಾದು ಮನೆಗೆ ಓಡಿದೆ. ಬಾಗಿಲಿಗೆ ಬೀಗವಿರಲಿಲ್ಲ.