ಎಡ ರಿಂಗಿನ ಮುಂದಿನ ಗುಂಡಿ

ಹೊಸ ಬಾಸ್ಕೆಟ್‌ಬಾಲಿನ ವಾಸನೆ ನಿಮಗೆ ಗೊತ್ತಿರಬಹುದು. ಸೈಕಲ್ ಟ್ಯೂಬಿಗೂ ಮಳೆಗಾಲದ ಹೊಸ ಚಪ್ಪಲಿಗೂ ನಡುವೆ ಎಲ್ಲೋ ನಿಲ್ಲುವ ವಾಸನೆ ಅದು. ಶಾಲೆಯ ತಂಡಕ್ಕೆ ಸೇರಿರುವ ಮಗಳು ಅನುಗೆಂದು ಹೋದ ವಾರ ಒಂದು ಚೆಂಡು ತಂದೆ. ಅವಳಿಗೆ ಕೊಡುವ ಮೊದಲು ಅದನ್ನು ಮೂಗಿಗೆ ಹಿಡಿದು ನಡುಮನೆಯಲ್ಲಿ ನಿಂತುಬಿಟ್ಟಿದ್ದೆ.

"ಅದೇನ್ ಕರ್ಬೂಜದ ಹಣ್ಣೇನ್ರೀ, ಮೂಸಿ ನೋಡಾಕ?" ಅಂದಳು ಹೆಂಡತಿ ಗೀತಾ.

"ಈ ವಾಸನೆ ಬಂದ್ರೆ ಸಾಕು, ಹರಿಹರದಾಗೆ ನಮ್ಮ ನಾಗರಾಜ ಹಾಕಿದ ಕೊನೇ ಬಾಸ್ಕೆಟ್ ಕಣ್ಮುಂದೆ ಬರ್ತೈತೆ," ಅಂದೆ.

"ಯಾವ ಬಾಸ್ಕೆಟ್ಟು? ಆ ಮ್ಯಾಚ್ ನೀವು ಸೋತ್ರಿ."

"ಗೆದ್ವಿ."

"ಸೋತ್ರಿ. ನಾನು ಅಲ್ಲೇ ಇದ್ದೆ. ನಮ್ಮ ಹರಿಹರದೋರ ಕಡೆ ಕೂಗಿ ಕೂಗಿ ಗಂಟಲು ಬಿದ್ದೋಗಿತ್ತು."

ಹೀಗೆ ಶುರುವಾಯಿತು. ಆ ಪಂದ್ಯದ ದಿನ ಅಂಗಳದ ಆಚೆ ಬದಿ ಅವಳು, ಈಚೆ ಬದಿ ನಾನು ಇದ್ದೆವು. ಆಗ ಒಬ್ಬರಿಗೊಬ್ಬರ ಗುರುತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಯಾರು ಗೆದ್ದರು ಎಂಬ ಮಾತು ನಮ್ಮ ನಡುವೆ ಬಂದೇ ಇರಲಿಲ್ಲವೆಂದರೆ ನೀವು ನಂಬಲಾರಿರಿ. ಅವಳು ಸೌಜನ್ಯಕ್ಕೆ ಸುಮ್ಮನಿದ್ದಳಂತೆ. ನಾನು ಅದನ್ನು ಸೋಲೊಪ್ಪಿಕೊಂಡ ಮೌನ ಎಂದುಕೊಂಡಿದ್ದೆ.

ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡ ಎಂದು ಗುರುಗಳು ಕಲಿಸಿದ್ದರು. ಆ ಪಾಠವನ್ನು ಊರವರ ಮೇಲೆಲ್ಲ ಪ್ರಯೋಗಿಸಿ ಬೈಸಿಕೊಂಡಿದ್ದೇನೆ, ಆದರೆ ನನ್ನ ನೆನಪಿನ ಮೇಲೆ ಯಾವತ್ತೂ ಪ್ರಯೋಗಿಸಿರಲಿಲ್ಲ. ಆ ರಾತ್ರಿ ಮಲಗಿ ಯೋಚಿಸಿದೆ. ನಾಗರಾಜ ಮೇಲಕ್ಕೆ ಜಿಗಿಯುತ್ತಾನೆ, ಇಳಿಬಿಸಿಲು, ಹಿಂದೆ ಪಾರಿವಾಳದ ಹಿಂಡೊಂದು ಭರ್ರನೆ ಹಾರುತ್ತದೆ. ಪಾರಿವಾಳದ ಮೇಲೆ ಮೊದಲು ಅನುಮಾನ ಬಂತು. ಅವು ಯಾವುದೋ ಸಿನಿಮಾದಿಂದ ಬಂದು ಸೇರಿಕೊಂಡಿರಬೇಕು.

ಆದರೆ ಗುಂಡಿಯ ಬಗ್ಗೆ ನನಗೆ ಸಂಶಯವಿಲ್ಲ. ಅದನ್ನು ಹೇಳದೆ ಆ ವರ್ಷದ ನಮ್ಮ ತಂಡದ ಕತೆ ಅರ್ಥವಾಗುವುದಿಲ್ಲ.

ದಾವಣಗೆರೆಯ ನಮ್ಮ ಕಾಲೇಜಿನ ಹಿಂದೆ ಒಂದು ಹಳೆಯ ಸಿಮೆಂಟಿನ ಕೋರ್ಟ್ ಇತ್ತು. ಎಡ ರಿಂಗಿಗೆ ಹೋಗುವ ದಾರಿಯಲ್ಲಿ, ಸರಿಯಾಗಿ ನಡುವೆ, ರೊಟ್ಟಿ ಹಂಚಿನಷ್ಟು ಅಗಲದ ಒಂದು ತಗ್ಗು. ಚೆಂಡು ಅದರೊಳಗೆ ಬಿದ್ದರೆ ಮೇಲೇಳುತ್ತಿರಲಿಲ್ಲ. ಹಸಿ ಸಗಣಿಗೆ ಬಿದ್ದಂತೆ ಧಪ್ಪೆಂದು ಕೂತುಬಿಡುತ್ತಿತ್ತು. ನಮ್ಮ ಹುಡುಗರ ಕಾಲಿಗೆ ಅದು ಗೊತ್ತಿತ್ತು. ಅಲ್ಲಿಗೆ ಬಂದೊಡನೆ, ನೆಲ ನೋಡದೆಯೇ, ಬಾಗಿಲ ಮುಂದಿನ ರಂಗೋಲಿ ತುಳಿಯದೆ ನಡೆಯುವವರ ಹಾಗೆ ಬಳಸಿ ಹೋಗುತ್ತಿದ್ದರು. ಬಂದ ತಂಡದವರು ನೇರ ನುಗ್ಗಿ ಚೆಂಡು ಕಳೆದುಕೊಳ್ಳುತ್ತಿದ್ದರು. ಹೀಗಾಗಿ ಮನೆಯಂಗಳದಲ್ಲಿ ನಾವು ಹುಲಿಗಳು. ಹೊರಗೆ ಹೋದರೆ ಮಾತ್ರ ಎಂಥವರಿಗೂ ಸೋತು ಬರುತ್ತಿದ್ದೆವು. ಯಾಕೆಂದು ಯಾರೂ ಯೋಚಿಸಲಿಲ್ಲ. ಒಮ್ಮೆ ನೀರು ಬದಲಾಯಿತು ಅಂದೆವು, ಇನ್ನೊಮ್ಮೆ ರೆಫ್ರಿ ಅವರ ಕಡೆಯವನು ಅಂದೆವು.

ನಾನು ಆಡಿದವನಲ್ಲ. ಎತ್ತರ ಇತ್ತು, ಉಸಿರು ಇರಲಿಲ್ಲ. ದಿನಾ ಹದಡಿಯಿಂದ ಬಸ್ಸಿಗೆ ಬರುತ್ತಿದ್ದೆ. ತರಗತಿ ಮುಗಿದು ಬಸ್ಸು ಸಿಗುವವರೆಗೆ ಅಷ್ಟು ದೊಡ್ಡ ಊರಿನಲ್ಲಿ ನನ್ನದೆಂದು ಕೂರುವ ಜಾಗ ಕೋರ್ಟಿನ ಪಕ್ಕದ ಗೋಡೆಯೊಂದೇ. ಕಾಗದದ ಪೊಟ್ಟಣದಲ್ಲಿ ಖಾರ ಮಂಡಕ್ಕಿ, ಕಚ್ಚಲು ಮಿರ್ಚಿ, ಕೆಳಗೆ ಆಟ. ನಾಯಕ ನಾಗರಾಜ ಮಲೆಬೆನ್ನೂರಿನವನು, ತೆಂಗಿನ ಮರದಂಥ ಆಳು. ತರಗತಿಯಲ್ಲಿ ಬಾಯಿ ಬಿಡದವನು ಅಂಗಳದಲ್ಲಿ ಎಲ್ಲರನ್ನೂ ಕೂಗಿ ಕುಣಿಸುತ್ತಿದ್ದ. ಗೋಡೆಯ ಮೇಲಿದ್ದ ನನ್ನನ್ನೂ ಬಿಡುತ್ತಿರಲಿಲ್ಲ. "ಏ ಹದಡಿ, ಬರೀ ತಿನ್ಬ್ಯಾಡಲೇ, ಕೂಗು!" ಅನ್ನುತ್ತಿದ್ದ. ಕಾಲೇಜಿನಲ್ಲಿ ನನ್ನನ್ನು ಮೊದಲು ಕರೆದು ಮಾತಾಡಿಸಿದವನು ಅವನೇ. ಹೆಸರು ಹಿಡಿದು ಅಲ್ಲ, ಊರು ಹಿಡಿದು, ಅಷ್ಟು ಸಾಕಾಗಿತ್ತು.

ಆ ವರ್ಷ ಪ್ರಿನ್ಸಿಪಾಲರು ಆ ಜಾಗದ ಮೇಲೆ ಕಣ್ಣು ಹಾಕಿದರು. ಸ್ಕೂಟರುಗಳು ನೆರಳಲ್ಲಿ ಸಾಲಾಗಿ ನಿಲ್ಲುವುದೇ ಶಿಸ್ತು ಎಂದು ನಂಬಿದ್ದ ಮನುಷ್ಯ. "ಈ ಸಲ ಕಪ್ ತಂದ್ರೆ ಕೋರ್ಟ್ ಇರ್ತದೆ. ಇಲ್ಲಾಂದ್ರೆ ಗಾಡಿ ನಿಲ್ಸೋಕೆ ಶೀಟ್ ಹೊಡಿಸ್ತೀನಿ," ಅಂದರು. ನಮಗೆ ಆಟವಾಡಿಸುತ್ತಿದ್ದ ಪಿ.ಡಿ. ಸರ್ ತಲೆಯಾಡಿಸಿ ಬಂದರು. ನಮ್ಮ ಅಂಗಳದ ಪಂದ್ಯಗಳನ್ನು ಗೆದ್ದು, ಹೊರಗಿನವನ್ನು ಸೋತು, ಏಳುತ್ತ ಬೀಳುತ್ತ ಹೇಗೋ ಫೈನಲ್ಲಿಗೆ ಬಂದೆವು. ಫೈನಲ್ ಇದ್ದದ್ದು ಹರಿಹರದಲ್ಲಿ.

ಪ್ಯಾಸೆಂಜರ್ ರೈಲಿನಲ್ಲಿ ಕಾಲೇಜಿಗೆ ಕಾಲೇಜೇ ಹೊರಟಿತು. ಸ್ವತಃ ಪ್ರಿನ್ಸಿಪಾಲರೂ ಬಂದರು. ಹರಿಹರದ ಕೋರ್ಟು ಒರೆಸಿಟ್ಟ ಬಾಳೆಲೆಯಂತೆ ನುಣ್ಣಗಿತ್ತು. ಕೊನೆಯವರೆಗೂ ಸಮಸಮ. ಮುಗಿಯಲು ಇನ್ನೇನು ಕ್ಷಣಗಳಿರುವಾಗ ಅವರು ಒಂದು ಪಾಯಿಂಟ್ ಮುಂದಾದರು. ಆಗ ಚೆಂಡು ನಾಗರಾಜನ ಕೈಗೆ ಬಂತು. ಎಡ ರಿಂಗಿಗೆ ದಾರಿ ಖಾಲಿ. ನಾವೆಲ್ಲ ಎದ್ದು ನಿಂತೆವು.

ಇಲ್ಲಿಂದ ಮುಂದೆ ನನ್ನ ತಲೆಯಲ್ಲಿ ಪಾರಿವಾಳಗಳಿವೆ.

ಬೆಳಿಗ್ಗೆ ಎದ್ದು ಪಿ.ಡಿ. ಸರ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿ ಬಹಳ ವರ್ಷವಾದರೂ ಅವರ ಗಂಟಲಿಗೆ ಸೀಟಿ ಬೇಕಿಲ್ಲ.

"ಸರ್, ಹರಿಹರದ ಫೈನಲ್ ನಾವು ಗೆದ್ವಿ ಅಲ್ರೀ?"

"ಸೋತ್ವಲ್ಲೋ ಮಾರಾಯ! ಎಲ್ಲಿ ಗೆದ್ದಿ ನೀನು, ಕನಸಿನಾಗಾ?"

"ಹಂಗಾದ್ರೆ ಕೋರ್ಟ್ ಹೆಂಗೆ ಉಳೀತು ಸರ್?"

ಅವರು ನಗತೊಡಗಿದರು. ನಾಗರಾಜ ಖಾಲಿ ದಾರಿಯಲ್ಲಿ ನುಗ್ಗಿದವನು, ನಡುವೆ ಬಂದೊಡನೆ ಇಲ್ಲದ ಗುಂಡಿಯನ್ನು ಬಳಸಿ ಪಕ್ಕಕ್ಕೆ ಓಡಿದನಂತೆ. ಸುತ್ತು ಹಾಕಿ ಬರುವಷ್ಟರಲ್ಲಿ ಸೀಟಿ ಕೂಗಿತು. ಪ್ರಿನ್ಸಿಪಾಲರು ಕೆಂಪಗಾಗಿ ಇಳಿದು ಬಂದು, "ಏನಯ್ಯಾ, ದಾರಿ ಖಾಲಿ ಇತ್ತಲ್ಲ, ಯಾಕೆ ಬಳಸಿ ಓಡಿದೆ?" ಎಂದು ಗದರಿದರು.

ನಾಗರಾಜ ಏದುಸಿರಿನಲ್ಲೇ, "ಅಲ್ಲಿ ಗುಂಡಿ ಐತಲ್ರೀ ಸರ್," ಅಂದ. ಆಮೇಲೆ ತಿರುಗಿ ನೆಲ ನೋಡಿದ. ನುಣ್ಣಗಿನ ಹರಿಹರದ ನೆಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ.

"ಆಮ್ಯಾಲಿನ ಕತೆ ಕೇಳೋ," ಅಂದರು ಪಿ.ಡಿ. ಸರ್. "ಮರುದಿನ ಪ್ರಿನ್ಸಿಪಾಲರು ಒಬ್ರೇ ಕೋರ್ಟಿಗೆ ಬಂದು, ನನ್ ಕೈಯಾಗಿನ ಚೆಂಡು ಇಸ್ಕೊಂಡು ಗುಂಡಿಗೆ ಹಾಕಿದ್ರು. ಮ್ಯಾಲೇಳಲಿಲ್ಲ. 'ಇಷ್ಟು ದಿನ ಇದ್ರಾಗೆ ಆಡ್ಸಿದ್ರೇನ್ರೀ ಹುಡುಗ್ರನ್ನ?' ಅಂದ್ರು. ಶೀಟಿನ ಮಾತು ಮತ್ತೆ ಎತ್ತಲಿಲ್ಲ. ಗುಂಡಿ ಮುಚ್ಚಿಸಿದ್ರು."

ಗೆದ್ದಿದ್ದರೆ? ಗೆದ್ದ ಕಪ್ ಗಾಜಿನ ಬೀರುವಿಗೆ ಹೋಗುತ್ತಿತ್ತು, ಗುಂಡಿ ಗುಂಡಿಯಾಗಿಯೇ ಉಳಿಯುತ್ತಿತ್ತು, ಅದರ ಮುಂದಿನ ವರ್ಷವೋ ಇನ್ನೊಂದು ವರ್ಷವೋ ಸ್ಕೂಟರುಗಳು ಬಂದೇ ಬರುತ್ತಿದ್ದವು ಎಂದು ನನಗನಿಸುತ್ತದೆ. ಇದಕ್ಕೂ ಸಾಕ್ಷಿ ಇಲ್ಲ ಬಿಡಿ. ನನಗೆ ಗೊತ್ತಿರುವುದಿಷ್ಟೇ: ಇನ್ನೂ ಎರಡು ವರ್ಷ ಆ ಗೋಡೆಯ ಮೇಲೆ ಕೂತು ಮಂಡಕ್ಕಿ ತಿಂದೆ, ಕೂಗಿದೆ. ಅದನ್ನು ನನಗೆ ಉಳಿಸಿಕೊಟ್ಟದ್ದು ನಾಗರಾಜನ ಆ ಸುತ್ತು. ಅವನು ಹಾಕದ ಬಾಸ್ಕೆಟ್ಟಿಗೆ ಇಷ್ಟು ವರ್ಷ ಚಪ್ಪಾಳೆ ಹೊಡೆದು, ಮಾಡಿದ ಉಪಕಾರವನ್ನೇ ಮರೆತಿದ್ದೆ. ಈಗ ಮಲೆಬೆನ್ನೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದಾನಂತೆ. ಹೋಗಿ ಬರಬೇಕು.

ಪಿ.ಡಿ. ಸರ್ ಹೇಳಿದ್ದನ್ನೆಲ್ಲ ಹೇಳಿ ಗೀತಾಳ ಮುಂದೆ ಸೋಲೊಪ್ಪಿಕೊಂಡೆ. "ಅಯ್ಯೋ, ಗುಂಡಿನಾ!" ಎಂದು ಸೆರಗು ಬಾಯಿಗಿಟ್ಟು ನಕ್ಕಳು. "ನಿಮ್ಮೋರು ಹಾವು ಕಂಡಂಗೆ ಬಳಸಿ ಬಳಸಿ ಓಡೋದು ನೋಡಿ, ನಾವು ಹುಡುಗೇರೆಲ್ಲ ಅದು ದಾವಣಗೆರೆ ಸ್ಟೈಲು ಅಂದ್ಕೊಂಡಿದ್ವಿ ಕಣ್ರೀ."

ಭಾನುವಾರ ಬೆಳಿಗ್ಗೆ ಮೂವರೂ ನಮ್ಮ ಕಾಲೇಜಿನ ಕೋರ್ಟಿಗೆ ಹೋದೆವು. ಎಡ ರಿಂಗಿನ ಮುಂದೆ, ಸುತ್ತಲಿನ ಸಿಮೆಂಟಿಗಿಂತ ತುಸು ಕಪ್ಪಾದ ಒಂದು ತೇಪೆ. ಗೀತಾ ನನ್ನ ಗೋಡೆಯ ಮೇಲೆ ಕೂತಳು. ಅನು ಎಸೆದ ಚೆಂಡು ರಿಂಗಿನಾಚೆ ಉರುಳಿತು. ತರಲು ಓಡಿದೆ.

"ಅಪ್ಪಾ, ಅದ್ಯಾಕ ಹಂಗ ಸುತ್ತಿ ಹೋದೆ?" ಅಂದಳು ಅನು.

ನಿಂತು ಹಿಂತಿರುಗಿ ನೋಡಿದೆ. ತೇಪೆ ನನ್ನ ಬಲಕ್ಕೆ ಉಳಿದಿತ್ತು. ಎಂದೂ ಆಡದವನ ಕಾಲು, ಗೋಡೆಯ ಮೇಲೆ ಕೂತು ನೋಡಿದ್ದನ್ನಷ್ಟೇ ಕಲಿತ ಕಾಲು, ತಲೆಯನ್ನು ಕೇಳದೆ ಬಳಸಿ ಬಂದಿತ್ತು.

"ಅಲ್ಲಿ ಗುಂಡಿ ಐತೆ ಕಣೇ ನಿಮ್ಮಪ್ಪಗೆ," ಅಂದಳು ಗೋಡೆಯ ಮೇಲಿನ ಹರಿಹರದವಳು.

ಅನು ನನ್ನ ಕೈಯಿಂದ ಚೆಂಡು ಕಿತ್ತುಕೊಂಡು ಹಿಂದಕ್ಕೆ ಹೋದಳು. ಅಲ್ಲಿಂದ ತಿರುಗಿ ಚೆಂಡು ಪುಟಿಸುತ್ತ ರಿಂಗಿನತ್ತ ನೇರ ಓಡಿ ಬಂದಳು. ಚೆಂಡು ತೇಪೆಯ ನಟ್ಟನಡುವೆ ಬಿತ್ತು. ನಾನು ಉಸಿರು ಹಿಡಿದೆ. ಅದು ಚಿಮ್ಮಿ ಅವಳ ಕೈಗೇ ಎದ್ದು ಬಂತು.