ಕಾಲುವೆ ಕ್ಯಾಂಪಿನ ಫುಟ್‌ಬಾಲ್ ಉಸ್ತಾದ

ಕಾಲುವೆ ಕೆಲಸ ಜೋರಾಗಿ ನಡೆದಿದ್ದ ವರ್ಷಗಳಲ್ಲಿ ನಾನು ಶಹಾಪುರದ ಹತ್ತಿರದ ಒಂದು ಕ್ಯಾಂಪಿನಲ್ಲಿ ಗುಮಾಸ್ತನಾಗಿದ್ದೆ. ಊರು ಸುರಪುರ. ಹದಿನಾರನೆಯ ವಯಸ್ಸಿನಿಂದಲೂ ಅಲ್ಲಿನ ಗರಡಿಯಲ್ಲಿ ದಂಡ, ಬೈಠಕ್ ಹೊಡೆದು, ಬಾದಾಮಿ ಅರೆದ ಹಾಲು ಕುಡಿದು ಬೆಳೆಸಿದ ಮೈ ನನ್ನದು. ಅಂಗಿಯ ತೋಳು ಬಿಗಿಯಾಗುತ್ತಿತ್ತು. ಟೈಪ್ ಮಾಡುವಾಗಲೂ ಅದನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಓರೆಗಣ್ಣು ಹಾಯಿಸುತ್ತಿದ್ದೆ.

ಮಣ್ಣು ಅಗೆಯುವ ಯಂತ್ರಗಳಿಗೆಂದು ಹೈದರಾಬಾದಿನಿಂದ ಒಬ್ಬ ಮೆಕ್ಯಾನಿಕ್ ಬಂದ. ನಲವತ್ತರ ಆಸುಪಾಸು. ತೆಳ್ಳನೆಯ ತೋಳು, ನಡೆಯುವಾಗ ಎಡಗಾಲು ತುಸು ಎಳೆಯುತ್ತಿತ್ತು. ಬಂದ ವಾರದಲ್ಲೇ ಚಹಾದಂಗಡಿಯಲ್ಲಿ ಕೂತು, ತಾನು ದೊಡ್ಡ ಕ್ಲಬ್ಬೊಂದರಲ್ಲಿ ಪಗಾರಕ್ಕೆ ಏಳು ವರ್ಷ ಫುಟ್‌ಬಾಲ್ ಆಡಿದವನು ಎಂದ. ನಾನು ನಂಬಲಿಲ್ಲ. ಅವನ ಫೈಲು ನನ್ನ ಕಪಾಟಿನಲ್ಲೇ ಇತ್ತು; ತೆಗೆದು ನೋಡಿದೆ. ಶಾಲೆ ಬಿಟ್ಟದ್ದಕ್ಕೂ ಮೊದಲ ನೌಕರಿಗೂ ನಡುವಿನ ಅಷ್ಟೂ ವರ್ಷ ಖಾಲಿ. ಜೈಲಿನಲ್ಲಿದ್ದಿರಬೇಕು ಎಂದುಕೊಂಡೆ.

ಸಂಜೆ ಕೆಲಸ ಮುಗಿದ ಮೇಲೆ ಅವನು ಕ್ಯಾಂಪಿನ ಡ್ರೈವರ್, ಕೂಲಿ, ಗುಮಾಸ್ತರನ್ನು ಕೂಡಿಸಿ ಒಂದು ತಂಡ ಕಟ್ಟತೊಡಗಿದ. ಒಂದು ದಿನ ನಾನು ಎಲ್ಲರೆದುರಿಗೇ ಕೇಳಿದೆ: "ಆಟಗಾರ ಅಂತೀರಿ, ಮೈ ಎಲ್ಲೈತ್ರಿ?"

ಅವನು ಸಿಟ್ಟಾಗಲಿಲ್ಲ. ಕಾಲುವೆಯ ಏರಿಯ ಮೇಲೆ ನಲವತ್ತು ಹೆಜ್ಜೆ ದೂರಕ್ಕೆ ಎರಡು ಕಲ್ಲು ಇಟ್ಟ. "ಈ ಕಲ್ಲಿಂದ ಆ ಕಲ್ಲಿಗೆ ಜೀವ ಬಿಟ್ಟು ಓಡ್ರಿ. ಹತ್ತು ಉಸಿರು ನಿಂದರ್ರಿ. ಮತ್ತ ಓಡ್ರಿ. ಹನ್ನೆರಡು ಸಲ."

ಐದನೆಯ ಸಲಕ್ಕೆ ನನ್ನ ಕಣ್ಣು ಕತ್ತಲಿಟ್ಟಿತು. ಏಳನೆಯದಕ್ಕೆ ಏರಿಯ ಮಗ್ಗುಲಲ್ಲಿ ಕೂತು ವಾಂತಿ ಮಾಡಿದೆ. ಒಣಕಲು ಕಡ್ಡಿಯಂತಿದ್ದ ಒಬ್ಬ ಡ್ರೈವರ್ ಹನ್ನೆರಡೂ ಮುಗಿಸಿ ನನಗೆ ನೀರು ತಂದುಕೊಟ್ಟ. ಇದರಲ್ಲಿ ಏನೋ ಮೋಸವಿದೆ ಅನ್ನಿಸಿತು. ಅದನ್ನು ಹಿಡಿಯಲೆಂದೇ ಮರುದಿನ ತಂಡ ಸೇರಿದೆ.

ಅವನ ಕಸರತ್ತು ನಾನು ಕಲಿತದ್ದಕ್ಕೆಲ್ಲ ತಿರುಗುಮುರುಗು. ಗರಡಿಯಲ್ಲಿ ಸಾವಿರ ಬೈಠಕ್ ಹೊಡೆದವನು ಶೂರ. ಇವನು ಒಂಟಿಗಾಲಲ್ಲಿ ಎಂಟೇ ಬೈಠಕ್ ಮಾಡಿಸುತ್ತಿದ್ದ. ಆ ಎಂಟರಲ್ಲೇ ತೊಡೆ ನಡುಗುತ್ತಿತ್ತು. ಏರಿಯ ಇಳಿಜಾರನ್ನು ಓಡಿ ಹತ್ತುವುದು, ನಡೆದು ಇಳಿಯುವುದು. ಮೊಣಕೈ ಊರಿ ಹಲಗೆಯ ಹಾಗೆ ಮೈ ನೆಟ್ಟಗೆ ಹಿಡಿಯುವುದು. "ತೋಳು ಚೆಂಡು ಹೊಡಿಯೂದಿಲ್ಲ. ಮ್ಯಾಲಿನ ಭಾರ ಕಾಲೇ ಹೊರಬೇಕು," ಎನ್ನುತ್ತಿದ್ದ. ಎಲ್ಲ ಮುಗಿದ ಮೇಲೆ, ಆಗಲೇ ನೀರು ಬಿಟ್ಟಿದ್ದ ವಿತರಣಾ ಕಾಲುವೆಯಲ್ಲಿ ತೊಡೆಮಟ್ಟ ನೀರಿಗಿಳಿದು ಸುಮ್ಮನೆ ನಿಲ್ಲಬೇಕು. ಕಾಲಿನ ಉರಿ ನೀರಿಗೆ ಹೋಗುತ್ತದಂತೆ. ವಾರಕ್ಕೆರಡು ದಿನ ಪೂರಾ ವಿಶ್ರಾಂತಿ. ಸೋಮಾರಿಗಳ ಕಸರತ್ತು ಎಂದು ನಾನು ಒಳಗೊಳಗೇ ನಗುತ್ತಿದ್ದೆ, ಆದರೂ ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು.

ಊಟಕ್ಕೂ ಕೈ ಹಾಕಿದ. ತುಪ್ಪ, ಬಾದಾಮಿ ಕಡಿಮೆ. ಓಡುವ ಮೊದಲು ಬಾಳೆಹಣ್ಣು, ಆಮೇಲೆ ಜೋಳದ ರೊಟ್ಟಿ, ಮಡಕಿಕಾಳು, ಮೊಸರು. ಆಟದ ನಡುವೆ ಒಂದು ಬಿಂದಿಗೆ ನೀರಿಗೆ ಡಬ್ಬಿಯಿಂದ ಬಿಳಿ ಪುಡಿ ಸುರಿದು ಎಲ್ಲರಿಗೂ ಕುಡಿಸುತ್ತಿದ್ದ. ಆ ಡಬ್ಬಿಯನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

ಎರಡು ತಿಂಗಳಿಗೆ ಹತ್ತಿ ತೂಗುವ ಕಾಟಾದ ಮೇಲೆ ನಿಂತರೆ ನಾನು ಆರು ಕಿಲೋ ಇಳಿದಿದ್ದೆ. ಶನಿವಾರ ಊರಿಗೆ ಹೋದಾಗ ಅವ್ವ ನನ್ನ ಕುತ್ತಿಗೆಯ ಎಲುಬು ಮುಟ್ಟಿ ನೋಡಿದಳು. ಓಟ, ಊಟ, ಬಿಳಿ ಪುಡಿಯ ನೀರು, ಎಲ್ಲ ಹೇಳಿದೆ.

"ಏನ್ ಹಾಕಾಕತ್ತಾನ ಅವ ನೀರಾಗ?"

"ಗೊತ್ತಿಲ್ಲವ್ವಾ."

"ಗೊತ್ತಿಲ್ಲದ್ದು ಕುಡ್ಯಾಕತ್ತೀಯಲ್ಲೋ!"

ಕ್ಷಯ ಬಂದಿರಬೇಕೆಂದು ಅವಳಿಗೆ ಭಯ. ಅಬ್ಬೆತುಮಕೂರಿನ ಮಠಕ್ಕೆ ಹರಕೆ ಹೊತ್ತಳು. ನನ್ನ ಅನುಮಾನಕ್ಕೆ ಈಗ ಅವ್ವನ ಬಲವೂ ಸಿಕ್ಕಿತು. ಡಬ್ಬಿಯ ಮುಚ್ಚಳ ತೆರೆದಿದ್ದಾಗ ಒಂದು ಚಿಟಿಕೆ ಪುಡಿ ಕದ್ದು, ಕಾಗದದಲ್ಲಿ ಸುತ್ತಿ, ರಜೆ ಹಾಕಿ ಯಾದಗಿರಿ ಬಸ್ ಹತ್ತಿದೆ. ಭೀಮಾ ಸೇತುವೆ ದಾಟುವಾಗ, ಇವತ್ತು ಆ ಮನುಷ್ಯನ ಬಣ್ಣ ಬಯಲಾಗುತ್ತದೆ ಎಂದು ಖುಷಿಯಿಂದ ಎದೆ ಹೊಡೆದುಕೊಳ್ಳುತ್ತಿತ್ತು.

ಅಲ್ಲಿನ ಆಸ್ಪತ್ರೆಯ ಡಾಕ್ಟರು ಪುಡಿ ಮೂಸಿದರು, ನಾಲಿಗೆಗೆ ಹಚ್ಚಿಕೊಂಡರು. "ಉಪ್ಪು, ಸಕ್ಕರಿ. ಇದನ್ನ ತೋರ್ಸಾಕ ಶಹಾಪುರದಿಂದ ಬಂದೀಯೇನಪಾ?" ಎದೆಗೆ ಯಂತ್ರ ಹಚ್ಚಿ ನೋಡಿ, ಇಂಥ ಗಟ್ಟಿ ಎದೆಬಡಿತ ಈ ವಾರದಲ್ಲಿ ಕೇಳಿಲ್ಲ ಎಂದರು. ಕ್ಷಯವಲ್ಲ, ಕೊಬ್ಬು ಕರಗಿದೆ, ಅಷ್ಟೇ.

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆಗಲಿಲ್ಲ. ನಾನು ಕದಿಯುತ್ತೇನೆಂದು ಅವನಿಗೆ ಮೊದಲೇ ತಿಳಿದು ಪುಡಿ ಬದಲಿಸಿಟ್ಟಿರಬಹುದಲ್ಲ? ಮರುದಿನ ಮಧ್ಯಾಹ್ನ ಅವನು ವರ್ಕ್‌ಶಾಪಿನಲ್ಲಿದ್ದಾಗ ಅವನ ತಗಡಿನ ಕೋಣೆಗೆ ನುಗ್ಗಿ ಟ್ರಂಕು ತೆರೆದೆ. ಬಟ್ಟೆಯ ಕೆಳಗೆ ಒಂದು ಜೊತೆ ಸವೆದ ಫುಟ್‌ಬಾಲ್ ಬೂಟು, ಮೊಣಕಾಲಿನ ನಾಲ್ಕೈದು ಎಕ್ಸ್-ರೇ. ಒಂದನ್ನು ಬೆಳಕಿಗೆ ಹಿಡಿದಿದ್ದೆ. ಬಾಗಿಲಲ್ಲಿ ಅವನು ನಿಂತಿದ್ದ. ಕೈಯೆಲ್ಲ ಗ್ರೀಸು.

ಹೊಡೆಯುತ್ತಾನೆ ಎಂದುಕೊಂಡೆ. ಅವನು ಒಳಗೆ ಬಂದು ಮಂಚದ ಮೇಲೆ ಕೂತ.

"ಸಿಕ್ತೇನು?"

"ಪುಡಿಯೊಳಗ ಏನೈತಿ ಅಂತ ಹುಡುಕಾಕತ್ತಿದ್ದೆ," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವನು ನನ್ನ ಕೈಯಿಂದ ಎಕ್ಸ್-ರೇ ತೆಗೆದುಕೊಂಡ. "ಪಂದ್ಯದ ದಿನ ಕ್ಲಬ್ಬಿನ ಡಾಕ್ಟರ್ ಈ ಕಾಲಿಗಿ ಸೂಜಿ ಹಾಕ್ತಿದ್ದ. ನೋವು ಹೋಗ್ತಿತ್ತು, ಆಡ್ತಿದ್ದೆ. ಏನ್ ಹಾಕಾಕತ್ತೀರಿ ಅಂತ ಒಂದಿನಾನೂ ಕೇಳಲಿಲ್ಲ. ನೋವು ಇಲ್ಲಂದ್ರ ಪೆಟ್ಟಾಗಿದ್ದು ಹ್ಯಾಂಗ ತಿಳಿಬೇಕು? ಒಳಗಿಂದೆಲ್ಲಾ ಸವದು ಹೋತು. ಡಬ್ಬಿ ಯಾರ ಕೈಗೂ ಕೊಡೂದಿಲ್ಲ, ಯಾಕಂದ್ರ ಅದ್ರಾಗ ಏನೈತಿ ಅಂತ ನನಗ ಪಕ್ಕಾ ಗೊತ್ತಿರಬೇಕು." ಆಮೇಲೆ ನನ್ನ ಮುಖ ನೋಡಿ, "ನೀ ಕೇಳಿದಿ. ಚಲೋ ಆತು. ಆದ್ರ ಟ್ರಂಕ್ ತಗಿಬಾರದಿತ್ತು," ಎಂದ.

ನಾನು ಎಲ್ಲವನ್ನೂ ಇದ್ದ ಹಾಗೆ ಜೋಡಿಸಿಟ್ಟು ಹೊರಬಿದ್ದೆ. ಆ ಸಂಜೆ ಮೈದಾನಕ್ಕೆ ಹೋಗಲು ನಾಚಿಕೆಯಾಯಿತು; ಹೋದೆ. ಅವನು ಯಾರಿಗೂ ಏನೂ ಹೇಳಿರಲಿಲ್ಲ.

ಚಳಿಗಾಲದಲ್ಲಿ ಯಾದಗಿರಿಯ ಒಂದು ತಂಡದ ಮೇಲೆ ಪಂದ್ಯ. ನಮ್ಮಲ್ಲಿದ್ದದ್ದು ಸರಿಯಾಗಿ ಹನ್ನೊಂದೇ ಜನ. ದ್ವಿತೀಯಾರ್ಧದಲ್ಲಿ ಆಟ ಸಮಸಮ ಇದ್ದಾಗ ಚೆಂಡಿನ ಹಿಂದೆ ಓಡುತ್ತಿದ್ದ ನನ್ನ ತೊಡೆಯ ಹಿಂಬದಿಯಲ್ಲಿ ಏನೋ ಚಟ್ಟೆಂದಿತು. ಬಿದ್ದವನು ಕುಂಟುತ್ತ ಎದ್ದೆ. ಅವನು ಗೆರೆಯ ಹೊರಗಿನಿಂದ ಕೂಗಿದ: "ಹೊರಗ ಬಾ!"

"ಆಡ್ತೀನ್ರಿ, ಏನೂ ಆಗಿಲ್ಲ!"

"ಬಾ ಅಂದೆ."

ಹತ್ತೇ ಜನ ಉಳಿದರು. ಕೊನೆಗೆ ಒಂದು ಗೋಲಿನಿಂದ ಸೋತೆವು. ವಾಪಸು ಬರುವ ಲಾರಿಯಲ್ಲಿ ನಾನು ಅವನಿಗೆ ಬೆನ್ನು ಮಾಡಿ ಕೂತೆ. ಆ ಕಡೆಯವರು ಇವನಿಗೆ ಏನಾದರೂ ಹೇಳಿದ್ದರೇನೋ, ಬೇಕೆಂದೇ ಸೋಲಿಸಿದನೇನೋ ಎಂದು, ಅಷ್ಟೆಲ್ಲ ಆದ ಮೇಲೂ, ನನ್ನ ತಲೆಯಲ್ಲಿ ಅನುಮಾನ ಸುತ್ತುತ್ತಿತ್ತು. ಬೆಳಿಗ್ಗೆ ತೊಡೆ ಮೊಣಕಾಲಿನ ತನಕ ಕಪ್ಪಿಟ್ಟಿತ್ತು. ಮೂರು ವಾರ ಕಚೇರಿಯ ಮೆಟ್ಟಿಲನ್ನು ಕೂತು ಕೂತೇ ಹತ್ತಿದೆ. ಇನ್ನು ಹತ್ತು ನಿಮಿಷ ಆಡಿದ್ದರೆ ಸ್ನಾಯು ಪೂರಾ ಹರಿಯುತ್ತಿತ್ತು ಎಂದು ಅದೇ ಯಾದಗಿರಿ ಡಾಕ್ಟರು ಹೇಳಿದರು.

ಆ ಮೂರು ವಾರ ದಿನವೂ ಸಂಜೆ ಅವನು ಬಂದು ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಬೆರಳಗಲ ಮಡಚಿ ಬಿಡಿಸುತ್ತಿದ್ದ. ಕ್ಷಮಿಸಿ ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. "ಮಾತು ಬ್ಯಾಡ, ಉಸಿರು ಎಳಿ," ಎನ್ನುತ್ತಿದ್ದ. ಬೇಸಿಗೆಯಲ್ಲಿ ಅವನನ್ನು ಯಂತ್ರಗಳ ಜೊತೆ ಬೇರೆ ಕ್ಯಾಂಪಿಗೆ ಕಳಿಸಿದರು. ಅಷ್ಟರಲ್ಲಿ ನಾನು ಮತ್ತೆ ಓಡುತ್ತಿದ್ದೆ.